ಪೌಡರ್ ಹಚ್ಚಿದ ಗಾಡಿ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಮಧ್ಯಾಹ್ನಗಳಲ್ಲಿ ಚಿಕ್ಕಮ್ಮನ ಕೋಣೆಯಿಂದ ಒಂದು ವಾಸನೆ ಹೊರಡುತ್ತಿತ್ತು. ಸಿಹಿಯೂ ಅಲ್ಲ, ಕಮಟೂ ಅಲ್ಲ. ಕಾದ ಕಬ್ಬಿಣವನ್ನು ಯಾರೋ ಕೂತು ಸಮಾಧಾನ ಮಾಡುತ್ತಿರುವ ಹಾಗಿನ ವಾಸನೆ. ಚಿಕ್ಕಮ್ಮ ಉದ್ದ ಮೂತಿಯ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಯಂತ್ರದ ತೂತುಗಳನ್ನು ಒಂದೊಂದಾಗಿ ತೋರಿಸುವಳು, ಅವನು ಉಸಿರು ಬಿಗಿಹಿಡಿದು ಡಬ್ಬಿಯ ತಳವನ್ನು ಟಕ್ ಎಂದು ಒತ್ತುವನು, ಆಮೇಲೆ ಎರಡು ದಿನ ಶಾಲೆಯಲ್ಲಿ ಬೆಂಚಿನ ಪಕ್ಕದವನು ಅವನ ಬೆರಳು ಮೂಸಿ ಮೂಸಿ ‘ಮಷೀನು, ಮಷೀನು’ ಎಂದು ಕರೆಯುವನು. ಅದರಲ್ಲಿ ಅವಮಾನವೂ ಇತ್ತು, ತನಗೊಂದು ಕೆಲಸ ಗೊತ್ತು ಎಂಬ ಗುಟ್ಟಿನ ಹೆಮ್ಮೆಯೂ ಇತ್ತು. ಈಗ, ತಲೆಯ ಮುಂಭಾಗದ ಕೂದಲೆಲ್ಲ ಹೋದ ವಯಸ್ಸಿನಲ್ಲಿ, ಆಫೀಸಿಗೆ ಹೊರಟ ಇಸ್ತ್ರಿ ಬಟ್ಟೆಯಲ್ಲಿ ತನ್ನ ಪುಟ್ಟ ಕಾರಿನ ಪಕ್ಕ ಮಂಡಿಯೂರಿ, ಸಿಮೆಂಟು ನೆಲದ ಮೇಲಿನ ಕೆಂಪು ಕಲೆಗೆ ಬೆರಳು ಅದ್ದಿ ಮೂಗಿಗೆ ಹಿಡಿದಾಗ ಅದೇ ವಾಸನೆ ಬಂದು, ಅವನು ಒಂದು ಕ್ಷಣ ಎಲ್ಲಿದ್ದೇನೆಂಬುದನ್ನೇ ಮರೆತು ಕಣ್ಣು ಮುಚ್ಚಿದ.

“ಏನ್ ಸಾರ್, ರುಚಿ ನೋಡ್ತಾ ಇದೀರಾ?”

ಕೆಳಮನೆಯ ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸೀಮೆಸುಣ್ಣ. ಗಾಡಿ ನಿಲ್ಲಿಸುವ ಆ ಜಾಗ ಮೇಲುಮನೆಗೂ ಕೆಳಮನೆಗೂ ಸೇರಿದ್ದು. ತಮ್ಮ ಅರ್ಧಕ್ಕೆ ಕಲೆ ಹರಿದು ಬಂದ ದಿನವೇ ಮೇಷ್ಟ್ರು ಜಗಳವಾಡಬಹುದಿತ್ತು. ಆದರೆ ಅವರು ಜಗಳದ ಮನುಷ್ಯರಲ್ಲ, ಅದಕ್ಕಿಂತ ಕಷ್ಟದವರು. ದಿನ ಬೆಳಗಾದರೆ ಹೊಸ ಕಲೆಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಅದು ಯಾವ ಆಕಾರಕ್ಕೆ ಹೋಲುತ್ತದೋ ಅದಕ್ಕೆ ಬೇಕಾದ ಕಣ್ಣು, ಮೂಗು, ಬಾಲಗಳನ್ನು ಸೇರಿಸಿಬಿಡುತ್ತಿದ್ದರು. ಮೊನ್ನೆ ಬಾತುಕೋಳಿ. ನಿನ್ನೆ ಟೋಪಿ ಹಾಕಿಕೊಂಡ ಮುದುಕ. ದಾರಿಯಲ್ಲಿ ಹೋಗುವ ಮಕ್ಕಳು ಗೇಟಿನಲ್ಲಿ ಇಣುಕಿ ‘ಇವತ್ತೇನು ಬಂತು?’ ಎಂದು ಕೇಳುವಷ್ಟು ಆ ಸೋರಿಕೆ ಹೆಸರುವಾಸಿಯಾಗಿತ್ತು.

“ಊರಿನ ಪೈಪುಗಳೆಲ್ಲ ನಿಮ್ಮ ಕಿವೀಲಿ ಗುಟ್ಟು ಹೇಳ್ತಾವಂತೆ, ಮನೆ ಗಾಡಿ ಮಾತ್ರ ಬಾಯಿ ಬಿಡ್ತಿಲ್ಲವಾ?” ಎಂದರು ಮೇಷ್ಟ್ರು ಬಗ್ಗಿ ಗೆರೆ ಎಳೆಯುತ್ತ. “ಸ್ವಲ್ಪ ಕಾಲು ತೆಗೀರಿ ಸಾರ್. ಇವತ್ತು ಆನೆಮರಿ.”

ಅವನು ಕಾಲು ತೆಗೆದ. ಆನೆಮರಿಗೆ ಜಾಗ ಬಿಟ್ಟುಕೊಟ್ಟು ನಿಂತ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಅವನು ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹುಡುಕುವವನು. ಉದ್ದದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ರಸ್ತೆಗೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟು, ನೆಲದೊಳಗೆ ನೀರು ಎಲ್ಲಿ ಪಿಸುಗುಡುತ್ತಿದೆ ಎಂದು ಕೇಳಿ, ‘ಇಲ್ಲಿ ಅಗೆಯಿರಿ’ ಎನ್ನುವುದು ಅವನ ಕೆಲಸ. ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಕಿವಿ ಸಾಹೇಬರು ಎಂದೇ ರೂಢಿ. ಹೋದ ವಾರ ಆ ಸಲಾಕೆಯನ್ನು ಯಾರಿಗೂ ಕಾಣದಂತೆ ಮನೆಗೆ ತಂದು, ಗಾಡಿಯ ಹೊಟ್ಟೆಗೆ ಇಟ್ಟು ಕಿವಿಗೊಟ್ಟಿದ್ದ. ಕೇಳಿಸಿದ್ದು ಮಹಡಿಯ ಕಿಟಕಿಯಿಂದ ಹೆಂಡತಿಯ ನಗು.

ಗಾಡಿ ಅವನದಾಗಿ ವರ್ಷವಾಗಿದ್ದರೂ ಅದನ್ನು ‘ನನ್ನ ಗಾಡಿ’ ಎನ್ನಲು ಅವನ ನಾಲಿಗೆ ಏಳುತ್ತಿರಲಿಲ್ಲ. ಅದು ಮಾವನ ಗಾಡಿ. ಮಾವ ಜೀವಮಾನವೆಲ್ಲ ಬಸ್ಸು ಓಡಿಸಿದವರು, ನಿವೃತ್ತಿಯಾದ ಮೇಲೆ ಈ ಪುಟ್ಟ ಕಾರನ್ನು ಕೊಂಡು ಅದನ್ನೂ ಬಸ್ಸಿನ ಗಾಂಭೀರ್ಯದಲ್ಲೇ ಓಡಿಸುತ್ತಿದ್ದವರು. ಕಣ್ಣಿನ ಡಾಕ್ಟರು ಇನ್ನು ಬೇಡ ಎಂದ ಸಂಜೆ ಗಾಡಿಯನ್ನು ಗೋಡೆಗೆ ಸಮನಾಗಿ ನಿಲ್ಲಿಸಿ, ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಒಳಗೇ ಕೂತಿದ್ದು, ಇಳಿದು ಬಂದು ಕೀಲಿಕೈಯನ್ನು ಅಳಿಯನ ಅಂಗೈಯಲ್ಲಿಟ್ಟರು. ‘ಸ್ಟೀರಿಂಗ್ ಎಳೆದಾಡಬೇಡಿ ಅಳಿಯಂದ್ರೇ. ಹೇಳಿದ್ರೆ ಕೇಳುತ್ತೆ ಅದು’ ಎಂದಷ್ಟೇ ಹೇಳಿದ್ದು. ಅಂದಿನಿಂದ ಅವರು ಅವನ ಎಡಗಡೆ ಕೂರುತ್ತಾರೆ, ಚಕಾರ ಎತ್ತುವುದಿಲ್ಲ. ಆದರೆ ಪ್ರತಿ ತಿರುವಿನಲ್ಲೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಒತ್ತಿ ಒತ್ತಿ ಆ ಕಡೆಯ ಕಾಲೊರಸಿನಲ್ಲಿ ಒಂದು ಹಳ್ಳ ಬಿದ್ದಿದೆ. ಬೇರೆ ಯಾವ ಟೀಕೆಯನ್ನಾದರೂ ಅವನು ತಡೆದುಕೊಂಡಾನು, ಆ ಹಳ್ಳವನ್ನು ನೋಡಿದಾಗ ಮಾತ್ರ ಅವನಿಗೆ ಪರೀಕ್ಷೆಯಲ್ಲಿ ನಪಾಸಾದವನ ಸಂಕಟವಾಗುತ್ತಿತ್ತು. ಮಾವನ ಕೈಯಲ್ಲಿ ಒಂದು ತೊಟ್ಟೂ ಸೋರದ ಗಾಡಿ ತನ್ನ ಕೈಗೆ ಬಂದ ಮೇಲೆ ಸೋರತೊಡಗಿದ್ದು ಇದೆಯಲ್ಲ, ಅದನ್ನು ಯಾರಿಗೆ ಹೇಳುವುದು? ಮೊದಲು ತಿರುವಿನಲ್ಲಿ ಸ್ಟೀರಿಂಗ್ ಭಾರವಾಯಿತು, ಆಮೇಲೆ ಬಾನೆಟ್ಟಿನೊಳಗಿನಿಂದ ಹಸುಗೂಸು ರಚ್ಚೆ ಹಿಡಿದಂತೆ ಕುಂಯ್ ಎಂಬ ಸದ್ದು, ಆಮೇಲೆ ನೆಲದ ಮೇಲೆ ಕೆಂಪು ಹನಿ. ಗ್ಯಾರೇಜಿನವನು ಬಗ್ಗಿಯೂ ನೋಡದೆ ‘ಸ್ಟೀರಿಂಗಿನ ಕೆಳಗಿನ ಇಡೀ ಜೋಡಣೆ ಬದಲಾಯಿಸಬೇಕು’ ಎಂದುಬಿಟ್ಟ. ಅವನಿಗೆ ರೋಷ ಬಂತು. ನಾನೇ ನೋಡುತ್ತೇನೆ ಎಂದು ಒಂದು ಭಾನುವಾರವೆಲ್ಲ ಗಾಡಿಯಡಿ ಅಂಗಾತ ಮಲಗಿ, ಸ್ಟೀರಿಂಗನ್ನು ಹಗುರವಾಗಿಡುವ ಎಣ್ಣೆಯ ಡಬ್ಬಿಗೆ ವಾಪಸು ಬರುವ ರಬ್ಬರು ಪೈಪಿನ ಕ್ಲಿಪ್ಪು ಸಡಿಲಾಗಿ ತುಕ್ಕು ಹಿಡಿದದ್ದನ್ನು ಕಂಡುಹಿಡಿದು, ಬಿರುಕುಬಿಟ್ಟ ಪೈಪಿನ ತುದಿಯನ್ನು ಕತ್ತರಿಸಿ, ಹೊಸ ಕ್ಲಿಪ್ಪು ಬಿಗಿದು, ಕುಂಯ್ ಸದ್ದು ನಿಂತದ್ದನ್ನು ಕೇಳಿ, ಮೂಗಿನ ತುದಿಯಲ್ಲಿ ಮಸಿಯ ಸಮೇತ ಮಹಡಿ ಹತ್ತಿ ‘ನಿಂತುಹೋಯ್ತು’ ಎಂದು ಸಾರಿದ. ಹೆಂಡತಿ ಚಪ್ಪಾಳೆ ತಟ್ಟಿದಳು. ಮಾವ ‘ಹೂಂ’ ಎಂದರು. ಎರಡು ದಿನ ಕಳೆದು ನೆಲದ ಮೇಲೆ ಬಾತುಕೋಳಿ ಕೂತಿತ್ತು.

“ಈ ಭಾನುವಾರದವರೆಗೆ ನೋಡ್ರೀ,” ಎಂದಿದ್ದಳು ಹೆಂಡತಿ, ಬೈಗುಳವಿಲ್ಲದ ದನಿಯಲ್ಲಿ; ಅದೇ ಹೆಚ್ಚು ಚುಚ್ಚಿತ್ತು. “ಅಷ್ಟರಲ್ಲಿ ನಿಲ್ಲದಿದ್ರೆ ಕೊಟ್ಟುಬಿಡೋಣ. ಮೇಷ್ಟ್ರ ಭಾವಮೈದ ಬಂದು ನೋಡ್ತಾರಂತೆ. ನಡು ರಸ್ತೇಲಿ ಸ್ಟೀರಿಂಗ್ ಕಲ್ಲಾಗಿ ಕೂತರೆ ಪಕ್ಕದಲ್ಲಿರೋದು ನಮ್ಮಪ್ಪ.”

ಮಾವ ಕೋಣೆಯಲ್ಲೇ ಇದ್ದರು, ರೇಡಿಯೋದ ಕಡೆ ಮುಖ ಮಾಡಿ. ‘ಕೊಟ್ಟುಬಿಡೋಣ’ ಎಂಬ ಮಾತಿಗೆ ಅವರ ಬಲಗಾಲು ನೆಲವನ್ನು ಒತ್ತಿದ್ದನ್ನು ಅವನು ನೋಡಿದ್ದ.

ಅಂದಿನಿಂದ ಅವನದೊಂದು ಕಳ್ಳ ಕೆಲಸ ಶುರುವಾಗಿತ್ತು. ಸಂಜೆ ಬಂದು ಗಾಡಿ ನಿಲ್ಲಿಸಿದ ಕೂಡಲೇ ಆ ಕಡೆ ಈ ಕಡೆ ನೋಡಿ, ಬಾನೆಟ್ ಎತ್ತಿ, ಒಂದು ಮುಚ್ಚಳದಷ್ಟು ಕೆಂಪೆಣ್ಣೆಯನ್ನು ಡಬ್ಬಿಗೆ ಸುರಿದುಬಿಡುವುದು. ಸೋರಿಕೆ ನಿಲ್ಲದಿದ್ದರೂ ಸ್ಟೀರಿಂಗ್ ಹಗುರವಾಗಿದ್ದರೆ ಹೆಂಡತಿಗೆ ಅನುಮಾನ ಕಡಿಮೆಯಾಗುತ್ತದಲ್ಲ! ಡಬ್ಬಿಯ ಪ್ಲಾಸ್ಟಿಕ್ಕು ಹಳದಿಗಟ್ಟಿ, ಎಣ್ಣೆ ಎಷ್ಟಿರಬೇಕೆಂಬ ಗೆರೆ ಕಾಣುವಂತಿರಲಿಲ್ಲ. ಕಾಣಬೇಕೆಂದು ಅವನಿಗೆ ಅನ್ನಿಸಲೂ ಇಲ್ಲ. ನೆಲದ ಮೇಲೆ ಇಷ್ಟು ಬಿದ್ದಿದೆ ಎಂದರೆ ಡಬ್ಬಿಯಲ್ಲಿ ಅಷ್ಟು ಕಡಿಮೆಯಾಗಿರಲೇಬೇಕು. ಇದಕ್ಕಿಂತ ನೇರವಾದ ಲೆಕ್ಕ ಇನ್ನೊಂದುಂಟೆ? ಅವನ ನೌಕರಿಯಲ್ಲಿ ಸೋರಿಕೆ ಎಂದರೆ ಕೊರತೆ. ತುಂಬಿ ತುಳುಕುವ ಟ್ಯಾಂಕುಗಳು ಬೇರೆ ವಿಭಾಗದವರ ತಲೆನೋವು.

ಆ ಶುಕ್ರವಾರ ಅವನನ್ನು ಕಳಿಸಿದ್ದು ಒಂದು ಇಕ್ಕಟ್ಟಾದ ಬೀದಿಗೆ. ನೀರು ಬರುತ್ತಿಲ್ಲವೆಂದು ದೂರು. ಸಲಾಕೆ ಇಟ್ಟು ಬಗ್ಗಿ ಕೂತರೆ ಕಿವಿಯಲ್ಲಿ ನೀರಿನ ಬದಲು ಮೇಷ್ಟ್ರ ಮಾತೇ ಕೇಳಿಸುತ್ತಿತ್ತು. ಬಾಯಿ ಬಿಡ್ತಿಲ್ಲವಾ, ಬಾಯಿ ಬಿಡ್ತಿಲ್ಲವಾ. ಸುತ್ತ ಜನ ಸೇರಿದರು. ‘ಏನಂತೆ ಸಾರ್, ಭೂಮಿತಾಯಿ ಏನಂತಾಳೆ?’ ಎಂದನೊಬ್ಬ. ಸದ್ದು ಮಾಡಬೇಡ್ರಪ್ಪ ಎಂದರೆ ಎಲ್ಲರೂ ಒಬ್ಬರಿಗೊಬ್ಬರು ‘ಶ್‌’ ಎನ್ನತೊಡಗಿ ಅದೇ ದೊಡ್ಡ ಗಲಾಟೆಯಾಯಿತು. ಅವನು ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡದ್ದನ್ನು ಯಾರು ಕಂಡರೋ, ಹಿಂದಿನಿಂದ ಒಂದು ಮಣೆ ಸರಿದು ಬಂತು. ಹೊಸ್ತಿಲಲ್ಲಿ ಕೂತು ಮಗುವಿಗೆ ಸ್ನಾನ ಮಾಡಿಸಿದ್ದ ಹೆಂಗಸು ತಾನು ಕೂತಿದ್ದ ಮಣೆಯನ್ನೇ ಕಾಲಿನಿಂದ ಅವನ ಕಡೆ ತಳ್ಳಿ, ಏನೂ ಮಾಡದವಳಂತೆ ಮಗುವಿನ ಮೈಗೆ ಪೌಡರ್ ಬಳಿಯುತ್ತಿದ್ದಳು. ಅವನು ಕೂತ. ಕೂತವನ ಕಣ್ಣೆದುರಿಗೇ ಮಗುವಿನ ಕತ್ತು. ದುಂಡಗಿನ ಮಡಿಕೆಯಿಂದ ಒಂದು ಬೆವರ ಹನಿ ಹೊರಟು ಬಿಳಿಯ ಪೌಡರಿನಲ್ಲಿ ಗೆರೆ ಕೊರೆಯುತ್ತ ಎದೆಯವರೆಗೆ ಇಳಿಯಿತು. ಎಲ್ಲಿ ಹೊರಟಿತು, ಯಾವ ದಾರಿ ಹಿಡಿಯಿತು, ಎಲ್ಲಿ ನಿಂತಿತು, ಎಲ್ಲವೂ ಬರೆದಿಟ್ಟ ಹಾಗೆ! “ಸಿಕ್ಕಿತು!” ಎಂದು ಅವನು ಕೂಗಿಬಿಟ್ಟ. ಜನರೆಲ್ಲ ಸಲಾಕೆಯ ತುದಿ ನೋಡಿದರು, ಒಬ್ಬ ಗುದ್ದಲಿಯನ್ನೂ ತಂದ. ಅವನು ಮುಖ ಕೆಂಪಗೆ ಮಾಡಿಕೊಂಡು, ಇನ್ನಷ್ಟು ಹೊತ್ತು ಕಿವಿಯಿಟ್ಟು, ಕಡೆಗೆ ನಿಜವಾದ ಜಾಗವನ್ನೇ ತೋರಿಸಿ ಮಾನ ಉಳಿಸಿಕೊಂಡ.

ಸಂಜೆ ಮನೆಗೆ ಬಂದವನು ಕನ್ನಡಿಯ ಮುಂದಿದ್ದ ಹೆಂಡತಿಯ ಪೌಡರ್ ಡಬ್ಬಿಯನ್ನು ಅಂಗಿಯೊಳಗೆ ಸೇರಿಸಿಕೊಂಡು ಇಳಿದ. ಎಣ್ಣೆ ಹರಿಯಬಹುದಾದ ಪೈಪು, ಪಂಪು, ಕ್ಲಿಪ್ಪು, ಡಬ್ಬಿ ಎಲ್ಲವನ್ನೂ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ, ಮುಚ್ಚಳ ತೆಗೆದು ದಿನದ ಪಾಲು ಎಣ್ಣೆ ಸುರಿದು ಮುಚ್ಚಿ, ಆಮೇಲೆ ಎಲ್ಲದರ ಮೇಲೂ ಧಾರಾಳವಾಗಿ ಪೌಡರ್ ಉದುರಿಸಿದ. ಎಂಜಿನ್ನು ಮದುವೆಗೆ ಹೊರಟ ಹಾಗೆ ಕಂಡಿತು. ಗಾಳಿಯಲ್ಲೆಲ್ಲ ಮಲ್ಲಿಗೆ ಹೂವಿನ ವಾಸನೆ. ಗೇಟಿನಿಂದ ಬಂದ ಮೇಷ್ಟ್ರು ಬಾನೆಟ್ಟಿನೊಳಗೆ ಇಣುಕಿ, ಅವನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದರು. ಕೇಳದೆ ಹೋದದ್ದು ದೊಡ್ಡತನವೇ ಎಂದು ಅವನಿಗನ್ನಿಸಿತು.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆನೆಂದುಕೊಂಡು ಇಳಿದು ಬಾನೆಟ್ ಎತ್ತಿದ. ಕ್ಲಿಪ್ಪಿನ ಮೇಲೆ ಪೌಡರ್ ಹಾಗೇ ಇತ್ತು, ಒಂದು ಕಣವೂ ನೆನೆದಿರಲಿಲ್ಲ. ಪಂಪು ಒಣಗಿತ್ತು. ಕೆಳಗಿನ ಕೊಳವೆಗಳು ಒಣಗಿದ್ದವು. ಆದರೆ ಡಬ್ಬಿಯ ಬಾಯಿಂದ, ಮುಚ್ಚಳದ ಅಂಚಿನಿಂದಲೇ, ಒಂದು ಕೆಂಪು ಗೆರೆ ಹೊರಟು, ಡಬ್ಬಿಯ ಕೆನ್ನೆಯ ಮೇಲೆ ಇಳಿದು, ಪೈಪಿನ ಬೆನ್ನು ಹಿಡಿದು, ಅವನ ಕ್ಲಿಪ್ಪಿನ ಪಕ್ಕದಲ್ಲೇ ಹಾದು ನೆಲಕ್ಕೆ ತೊಟ್ಟಿಕ್ಕಿತ್ತು. ಪಾಪದ ಕ್ಲಿಪ್ಪು! ಅಷ್ಟು ದಿನ ಅದರ ಮೇಲೆ ಹೊರಿಸಿದ ಅಪವಾದಕ್ಕೆ ಅವನು ಅದನ್ನು ಸವರಿದ. ಆಗ ಕಂಡದ್ದು ಇನ್ನೊಂದು. ಮುಚ್ಚಳದ ನೆತ್ತಿಯ ಪೌಡರಿನಲ್ಲಿ ಮೂರು ಬೆರಳುಗಳ ಗುರುತು. ಅವನದಲ್ಲ, ಅವನು ಮುಚ್ಚಿದ ಮೇಲೆ ಪೌಡರ್ ಉದುರಿಸಿದ್ದು. ಅಗಲವಾದ, ದೊಡ್ಡ ಬೆರಳುಗಳು. ಯಾರೋ ಇದನ್ನು ತೆಗೆದು ಉಕ್ಕುವಷ್ಟು ಎಣ್ಣೆ ಸುರಿದಿದ್ದಾರೆ.

ಮೊದಲು ಹೊಳೆದದ್ದು ಮೇಷ್ಟ್ರು. ಭಾವಮೈದನಿಗೆ ಗಾಡಿ ಕೊಡಿಸಬೇಕಲ್ಲ! ಸೋರುವ ಗಾಡಿ ಅಗ್ಗ. ಬಾಗಿಲು ತೆರೆದು ಬಂದ ಮೇಷ್ಟ್ರ ಬೆರಳುಗಳನ್ನು ಅವನು ಪತ್ತೇದಾರನ ಹಾಗೆ ದಿಟ್ಟಿಸಿದ. ಬೆಳ್ಳಗಿದ್ದವು. ಆದರೆ ಆ ಬೆರಳುಗಳು ನೌಕರಿಗೆ ಸೇರಿದ ದಿನದಿಂದಲೂ ಬೆಳ್ಳಗೇ ಇವೆ.

“ಏನ್ ಸಾರ್ ಹಾಗೆ ನೋಡ್ತೀರಿ, ಕೈ ನೋಡಿ ಭವಿಷ್ಯ ಹೇಳ್ತೀರಾ?” ಮೇಷ್ಟ್ರು ಅಂಗೈಯನ್ನು ಚಾಚಿಯೇಬಿಟ್ಟರು. ಸಣ್ಣ, ಹೆಂಗಸರ ಹಾಗಿನ ಬೆರಳು. ಅವನು ನಾಚಿ, ಆಯುಸ್ಸು ಗಟ್ಟಿಯಿದೆ ಎಂದು ಏನೋ ಹೇಳಿ ಮಹಡಿ ಹತ್ತಿದ.

ಮೇಲೆ ಮಾವ ಟೀ ಕುಡಿಯುತ್ತಿದ್ದರು. ಲೋಟವನ್ನು ಎರಡು ಕೈಯಲ್ಲೂ ಹಿಡಿದು, ಮುಖವನ್ನು ಆವಿಯ ಹತ್ತಿರ ತಂದು. ಹೆಂಡತಿ ಪಕ್ಕದಲ್ಲಿ ಹಾದುಹೋಗುವಾಗ ನಿಂತು ಮೂಗು ಅರಳಿಸಿದಳು.

“ಅಪ್ಪಾ, ಏನಿದು, ನಿನ್ನ ಮೈಯೆಲ್ಲ ನನ್ನ ಪೌಡರ್ ವಾಸನೆ? ಡಬ್ಬಿ ಬೇರೆ ನಿನ್ನೆಯಿಂದ ಕಾಣ್ತಿಲ್ಲ.”

“ವಯಸ್ಸಾದ ಮೇಲೆ ಹಾಗೇ ಕಣಮ್ಮ,” ಎಂದರು ಮಾವ, ಟೀಯಿಂದ ಮುಖವೆತ್ತದೆ. ಅವರ ಬಲಗೈಯ ಮೂರು ಬೆರಳ ತುದಿ ಬೆಳ್ಳಗಿತ್ತು.

ಆ ಇಡೀ ಶನಿವಾರ ಅವನ ಬಾಯಲ್ಲಿ ಒಂದು ವಾಕ್ಯ ಕೂತಿತ್ತು. ‘ನಿಮ್ಮಪ್ಪನೇ.’ ಅಷ್ಟೇ. ಹೆಂಡತಿಯ ಮುಂದೆ ಅದೊಂದನ್ನು ಬಿಟ್ಟರೆ ಸಾಕು. ಅವನ ಕ್ಲಿಪ್ಪು ಗೆಲ್ಲುತ್ತದೆ, ಗಾಡಿ ಉಳಿಯುತ್ತದೆ, ಮೇಷ್ಟ್ರ ಪ್ರಾಣಿಸಂಗ್ರಹಾಲಯ ಮುಚ್ಚುತ್ತದೆ. ಹುಣಿಸೆಬೀಜದ ಹಾಗೆ ಅದನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದ. ಇಷ್ಟಕ್ಕೂ ಅವರೇಕೆ ಸುರಿಯಬೇಕು? ನನ್ನ ರಿಪೇರಿಯ ಮೇಲೆ ನಂಬಿಕೆಯಿಲ್ಲ, ಅದಕ್ಕೇ. ಆ ‘ಹೂಂ’ ಎಂದದ್ದರಲ್ಲೇ ಎಲ್ಲ ಇತ್ತು. ಮದುವೆಯಾದ ಹೊಸತರಲ್ಲಿ ಅವರ ಬಸ್ಸಿನಲ್ಲಿ ಒಮ್ಮೆ ಹತ್ತಿ, ಅಳಿಯ ಎಂಬ ಬಿಂಕದಲ್ಲಿ ಮುಂದಿನ ಸೀಟಿನಲ್ಲಿ ಕೂರಹೋದಾಗ, ‘ಅಲ್ಲಿ ಬಿಸಿ ಬರುತ್ತೆ, ಹಿಂದೆ ಹೋಗಿ’ ಎಂದಿದ್ದರು. ಎಲ್ಲರೂ ತಿರುಗಿ ನೋಡಿದ್ದರು. ಅಂದಿನಿಂದಲೂ ಹಿಂದೆಯೇ ಕೂತಿದ್ದೇನೆ ಅನ್ನಿಸಿತು ಅವನಿಗೆ. ಆದರೆ ಹೆಂಡತಿ ಎದುರಿಗೆ ಬಂದಾಗಲೆಲ್ಲ ವಾಕ್ಯ ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಮಾವನ ಬೆಳ್ಳಗಿನ ಬೆರಳುಗಳು ಕಂಡು, ಹಿಂದಕ್ಕೆ ಹೋಗುತ್ತಿತ್ತು. ಹೇಳಿದರೆ ಅವಳು ಅಪ್ಪನನ್ನು ಬೈಯುವುದಿಲ್ಲ. ‘ಕಣ್ಣು ಕಾಣಲ್ಲ, ಯಾಕಪ್ಪ ಇದೆಲ್ಲ’ ಎನ್ನುತ್ತಾಳೆ, ಪ್ರೀತಿಯಿಂದಲೇ. ಅಲ್ಲಿಗೆ ಮಾವ ಗಾಡಿಯ ಹತ್ತಿರವೂ ಹೋಗುವುದಿಲ್ಲ.

ಹಾಗಾಗಿ ಹೇಳದೆಯೇ ನಿಲ್ಲಿಸುವ ಉಪಾಯ ಹುಡುಕಿದ. ಸಂಜೆ ಎಣ್ಣೆ ಸುರಿಯದೆ, ಮುಚ್ಚಳದ ಮೇಲೆ ಬಟ್ಟೆ ಸುತ್ತಿ, ಹಲ್ಲುಕಚ್ಚಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ತಿರುಗಿಸಿ ಬಿಗಿದುಬಿಟ್ಟ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ರಾತ್ರಿ ನಿದ್ದೆ ಮಾತ್ರ ಸರಿಯಾಗಿ ಹತ್ತಲಿಲ್ಲ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮೆಟ್ಟಿಲಿನ ಕಿಟಕಿಯಲ್ಲಿ ನಿಂತಿದ್ದ. ಮಾವ ಕೋಟು ಹಾಕಿಕೊಂಡು ಇಳಿದು ಹೋದರು. ಮೆಟ್ಟಿಲ ಪಕ್ಕದ ಕಂಬಿಯ ಮೇಲೆ ಕೈಯಿಟ್ಟು, ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ವಿಚಾರಿಸಿ. ಗಾಡಿಯ ಹತ್ತಿರ ಹೋದ ಮೇಲೆ ಮಾತ್ರ ಅವರ ಕೈಗೆ ಕಣ್ಣು ಬಂತು. ಹಿಂದಿನ ದೀಪ, ಬಾಗಿಲು, ಕನ್ನಡಿ, ಎಲ್ಲವನ್ನೂ ಒಂದೇ ಸವರಿನಲ್ಲಿ ಮುಟ್ಟುತ್ತ ಮುಂದೆ ಬಂದು, ಬಾನೆಟ್ ಎತ್ತಿ, ಕೋಲು ಕೊಟ್ಟು ನಿಲ್ಲಿಸಿದರು. ಕೋಟಿನ ಜೇಬಿನಿಂದ ಔಷಧಿ ಸೀಸೆಯಂಥದೊಂದು ಹೊರಬಂತು. ಮುಚ್ಚಳಕ್ಕೆ ಕೈ ಹಾಕಿದರು. ಬರಲಿಲ್ಲ. ಇನ್ನೊಮ್ಮೆ ಹಾಕಿದರು. ಹೆಗಲ ಟವೆಲು ತೆಗೆದು ಸುತ್ತಿ ತಿರುಗಿಸಿದರು, ಕತ್ತಿನ ನರ ಉಬ್ಬಿತು. ಬರಲಿಲ್ಲ. ಆಮೇಲೆ ಅವರು ತಮ್ಮ ಬಲಗೈಯನ್ನು ಮುಖದ ಹತ್ತಿರ ತಂದು, ಇದೂ ಹೋಯಿತೇ ಎನ್ನುವ ಹಾಗೆ, ಬೆರಳುಗಳನ್ನು ಮಡಿಚಿ ಬಿಡಿಸಿ ನೋಡಿಕೊಂಡರು. ನೋಡಲು ಕಣ್ಣಿಲ್ಲದಿದ್ದರೂ ನೋಡಿಕೊಂಡರು. ಕಿಟಕಿಯಲ್ಲಿದ್ದವನಿಗೆ ನಾಚಿಕೆಯಾಯಿತು. ಮುದುಕನೊಬ್ಬನ ಜೊತೆ ಪಂಜ ಕುಸ್ತಿಗೆ ನಿಂತು ಗೆದ್ದ ಹಾಗೆ, ಅದೂ ಬೆನ್ನ ಹಿಂದೆ ನಿಂತು. ಯಾವ ಯೋಚನೆಯೂ ಮಾಡದೆ, ಕಾಲಿಗೆ ಸಿಕ್ಕ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು, ಎರಡೆರಡು ಮೆಟ್ಟಿಲು ಹಾರಿ ಇಳಿದ.

ಸೀಸೆ ಕೋಟಿನೊಳಗೆ ಮಾಯವಾಯಿತು. “ಗಾಳಿಗೆ ಬಂದೆ,” ಎಂದರು ಮಾವ, ಎತ್ತಿದ ಬಾನೆಟ್ಟಿನ ಪಕ್ಕ ನಿಂತು.

“ಒಳ್ಳೇದಾಯ್ತು ಮಾವ. ನನ್ನೊಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು.” ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಂತೆ ಅದು ನಿಜವೆಂದು ಅವನಿಗೇ ಹೊಳೆಯಿತು. “ಒಬ್ಬರು ಸ್ಟೀರಿಂಗ್ ತಿರುಗಿಸ್ತಿರಬೇಕು, ಒಬ್ಬರು ಕೆಳಗೆ ನೋಡ್ತಿರಬೇಕು. ಆಗಲೇ ಸೋರೋ ಜಾಗ ಸಿಗೋದು. ನೀವು ಕೂತ್ಕೊಳ್ತೀರಾ?”

“ನಾನು... ಎಲ್ಲಿ?”

“ಎಲ್ಲಿ ಅಂದ್ರೆ? ಸ್ಟೀರಿಂಗ್ ಎಲ್ಲಿದೆಯೋ ಅಲ್ಲಿ.”

ಮಾವ ಬಾಗಿಲು ತೆರೆದು ಕೂತರು. ಸೀಟು ಮುಂದಿದೆ ಎಂದು ಗೊಣಗಿ ಹಿಂದಕ್ಕೆ ಸರಿಸಿಕೊಂಡರು. ಕನ್ನಡಿಯನ್ನು, ಅದರಲ್ಲಿ ಏನೂ ಕಾಣದಿದ್ದರೂ, ತಮ್ಮ ಮುಖಕ್ಕೆ ಹೊಂದಿಸಿಕೊಂಡರು. ಗೇರು ಬಿಡಿಸಿದ್ದನ್ನು ಎರಡು ಸಲ ಅಲ್ಲಾಡಿಸಿ ನೋಡಿ, ಕೈಬ್ರೇಕು ಎಳೆದರು. ಅವನು ಚಕ್ರಗಳಿಗೆ ಕಲ್ಲು ಕೊಟ್ಟು, ಅಡಿಯಲ್ಲಿ ಹಳೆ ವೃತ್ತಪತ್ರಿಕೆ ಹಾಸಿ, ಟಾರ್ಚು ಹಿಡಿದು ನೆಲದ ಮೇಲೆ ಮಲಗಿದ. ಎಂಜಿನ್ ಶುರುವಾಯಿತು.

“ಎಡಕ್ಕೆ ಮಾವ... ಇನ್ನೂ... ಪೂರ್ತಿ!”

“ಪೂರ್ತಿ ತಿರುಗಿಸಿ ಅಲ್ಲೇ ಒತ್ತಿ ಹಿಡೀಬಾರದು ಅಳಿಯಂದ್ರೇ, ಪಂಪಿಗೆ ನೋವಾಗುತ್ತೆ.”

“ಸರಿ, ಬಲಕ್ಕೆ!”

“ಬಲಕ್ಕೆ, ರೈಟ್!” ಎಂದು ಮಾವ ಕಂಡಕ್ಟರನ ಗತ್ತಿನಲ್ಲಿ ಕೂಗಿದರು. ಕೆಳಮನೆಯ ಕಿಟಕಿ ತೆರೆಯಿತು. ಚಕ್ರಗಳು ಅವನ ತಲೆಯ ಎರಡೂ ಕಡೆ ನಿಧಾನವಾಗಿ ಹೊರಳಿದವು, ಎಳೆದಾಟವಿಲ್ಲದೆ, ಹೇಳಿದ್ದನ್ನು ಕೇಳಿದ ಹಾಗೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಸಲ ಅವನು ಹೇಳಿದ. ಕೆಳಗಿನ ಜೋಡಣೆ ಸೋರಿದ್ದರೆ ಎಣ್ಣೆ ಬಂದು ಸೇರಬೇಕಾದ, ಅದರ ಎರಡೂ ತುದಿಯ ರಬ್ಬರು ಚೀಲಗಳನ್ನು ಹಿಸುಕಿ ನೋಡಿದ, ಒಳಗೆ ಎಣ್ಣೆ ತುಂಬಿರಲಿಲ್ಲ. ಕ್ಲಿಪ್ಪು ಒಣಗಿತ್ತು. ಎದ್ದು ಮೇಲಿನಿಂದ ನೋಡಿದರೆ, ಬಿಸಿಯೇರಿದ ಡಬ್ಬಿಯ ಮುಚ್ಚಳದ ಅಂಚಿನಲ್ಲಿ, ಅಷ್ಟು ಬಿಗಿದಿದ್ದರೂ, ಒಂದು ಕೆಂಪು ಮಣಿ ಮೂಡುತ್ತಿತ್ತು.

“ಎಲ್ಲಿಂದ?” ಎಂದು ಮಾವ ಎಂಜಿನ್ ಆರಿಸಿ ಕೇಳಿದರು.

ವಾಕ್ಯ ಮತ್ತೆ ಬಾಯಿಗೆ ಬಂತು. ಅವನು ಅದನ್ನು ನುಂಗಿ, ಅದರ ಬದಲು ಇನ್ನೊಂದು ನಿಜವನ್ನು ತೆಗೆದ.

“ಮುಚ್ಚಳದಿಂದ ಮಾವ. ಎಣ್ಣೆ ಹೆಚ್ಚಾಗಿ ಉಕ್ಕುತ್ತಿದೆ. ಕಡಿಮೆಯಾಗಿದೆ ಅಂತ ನಾನು ದಿನಾ ಸಂಜೆ ಸುರೀತಿದ್ದೆ. ಅವಳಿಗೆ ಗೊತ್ತಾಗದ ಹಾಗೆ.”

ಮಾವ ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ಎದುರಿನ ಗೋಡೆಯನ್ನು ರಸ್ತೆಯ ಹಾಗೆ ನೋಡುತ್ತಿದ್ದರು.

“ಬೆಳಿಗ್ಗೆ ಹೊತ್ತು ನಾನೂ ಸುರೀತಿದ್ದೆ,” ಎಂದರು ಕಡೆಗೆ.

“ನೀವಾ?” ಎಂದು ಅವನು ಆಶ್ಚರ್ಯ ತೋರಿಸಿದ. ನಾಟಕ ಸ್ವಲ್ಪ ಹೆಚ್ಚೇ ಆಯಿತು.

“ಬಸ್ಸಿನ ಅಭ್ಯಾಸ. ಬೆಳಗಾದರೆ ಬೆರಳು ಇಳಿಸಿ ನೋಡೋದು, ಗೆಣ್ಣಿಗೆ ತಾಗೋವರೆಗೆ ತುಂಬಿಸೋದು. ಇದಕ್ಕೂ ಹಾಗೇ ಮಾಡಿದೆ.” ಅವರು ತಮ್ಮ ತೋರುಬೆರಳನ್ನು ಎತ್ತಿ ಹಿಡಿದರು. “ಇಷ್ಟು ಪುಟ್ಟ ಡಬ್ಬಿ. ಗೆಣ್ಣಿಗೆ ತಾಗಿತು ಅಂದ್ರೆ ಗಂಟಲಿಗೇ ಬಂದಿರುತ್ತೆ. ಅದು ಹೊಳೀಲಿಲ್ಲ ನೋಡಿ.”

“ನನ್ನ ಕೆಲಸದ ಮೇಲೆ ನಂಬಿಕೆ ಬರಲಿಲ್ಲ, ಅಲ್ಲವಾ ಮಾವ?” ಕೇಳಬಾರದಿತ್ತು, ಕೇಳಿಬಿಟ್ಟಿದ್ದ.

“ಬರಲಿಲ್ಲ,” ಎಂದರು ಮಾವ, ಯಾವ ದಾಕ್ಷಿಣ್ಯವೂ ಇಲ್ಲದೆ. “ಅವಳು ಹಾಗೆ ಚಪ್ಪಾಳೆ ಹೊಡೆದಳಲ್ಲ. ನಾಳೆ ಸ್ಟೀರಿಂಗ್ ಮತ್ತೆ ಭಾರವಾದರೆ ನೀವು ಯಾವ ಮುಖ ಹೊತ್ಕೊಂಡು ಮನೇಲಿ ಓಡಾಡ್ತೀರಿ ಅಂತ... ಕ್ಲಿಪ್ಪಿಂದ ಹೋದಷ್ಟನ್ನ ನಾನು ತುಂಬಿಸಿಟ್ಟರೆ ನಿಮ್ಮ ಮಾತು ಉಳಿಯುತ್ತೆ ಅಂದ್ಕೊಂಡೆ.”

ಅವನಿಗೆ ನಗು ಬಂತು. ಮಾವ ಇಳಿದು ಬಂದು, ಕೋಟಿನಿಂದ ಸೀಸೆ ತೆಗೆದು ಗೋಡೆಯ ಮೇಲಿಟ್ಟು, ಬಾನೆಟ್ಟಿನೊಳಗೆ ಕೈ ಚಾಚಿದರು. ಬೆರಳುಗಳು ಪೈಪಿನ ಮೇಲೆ ನಡೆದು, ಕ್ಲಿಪ್ಪನ್ನು ಮುಟ್ಟಿ, ಅದರ ಸುತ್ತ ಒಂದು ಪೂರ್ತಿ ಸುತ್ತು ಹಾಕಿ, ಅಡಿಯಲ್ಲಿ ಹೋಗಿ, ಹಿಂದೆ ಬಂದು, ತಿರುಪಿನ ತಲೆಯನ್ನು ಉಗುರಿನಿಂದ ಕೆರೆದು ನೋಡಿ ಹೊರಬಂದವು. ಒಂದಕ್ಕೊಂದು ಉಜ್ಜಿಕೊಂಡರು.

“ಒಣಗಿದೆ,” ಎಂದರು.

ಇಷ್ಟು ವರ್ಷಗಳಲ್ಲಿ ಅವರು ಅವನ ಬಗ್ಗೆ ಹೇಳಿದ ಒಳ್ಳೆಯ ಮಾತು ಅದೊಂದೇ. ಅದೂ ಕ್ಲಿಪ್ಪಿಗೆ ಹೇಳಿದ್ದು. ಅವನಿಗೆ ಅಷ್ಟೇ ಸಾಕಿತ್ತು. ಕಿವಿಯವರೆಗೆ ಬಿಸಿಯಾಯಿತು.

“ಹೆಚ್ಚಾದ ಎಣ್ಣೆ ತೆಗೀಬೇಕು, ಮುಚ್ಚಳ ಬಿಚ್ಚಿ,” ಎಂದರು ಮಾವ. “ಬೆಳಿಗ್ಗೆ ನನ್ನ ಕೈಗೆ ಬರಲಿಲ್ಲ.”

ಅವನು ತಿರುಗಿಸಿದ. ಬರಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದ, ಕಾಲನ್ನು ಬಂಪರಿಗೆ ಕೊಟ್ಟು ತಿರುಗಿಸಿದ. ತನ್ನ ಜಾಣತನ ತನಗೇ ಅಲುಗಲಿಲ್ಲ.

“ಯಾವನೋ ಇದನ್ನ ಹಗೆಯಿಂದ ಬಿಗಿದಿದಾನೆ,” ಎಂದರು ಮಾವ.

“ನಾನೇ ಮಾವ.”

“ಗೊತ್ತು,” ಎಂದರು ಮಾವ. ಅವನ ಕೈಯ ಮೇಲೆ ತಮ್ಮ ಕೈಯಿಟ್ಟು, “ಒಟ್ಟಿಗೆ. ಎಳೀಬೇಡಿ, ತಿರುಗಿಸಿ” ಎಂದರು. ಮುಚ್ಚಳ ಕಿರ್ರೆಂದು ಬಿಟ್ಟುಕೊಟ್ಟಿತು. ಟಾರ್ಚನ್ನು ಡಬ್ಬಿಯ ಹಿಂದಿನಿಂದ ಹಿಡಿದಾಗ ಹಳದಿ ಪ್ಲಾಸ್ಟಿಕ್ಕಿನಲ್ಲಿ ಗೆರೆ ಎದ್ದು ಕಂಡಿತು. ಎಣ್ಣೆ ಅದರ ಮೇಲೆ ಎಷ್ಟೋ ದೂರ ನಿಂತಿತ್ತು. ಸಿರಿಂಜಿನಿಂದ ಎಳೆದೆಳೆದು ಅವನು ಮಾವನ ಸೀಸೆಗೇ ತುಂಬಿದ. ಸೀಸೆ ಭಾರವಾಗುವುದನ್ನು ಮಾವ ಕೈಯಲ್ಲೇ ತೂಗಿ “ಅಯ್ಯೋ, ಅಯ್ಯೋ” ಎನ್ನುತ್ತಿದ್ದರು.

ಆಮೇಲೆ ಇಬ್ಬರೂ ಒಂದು ಸುತ್ತು ಹೋಗಿ ಬಂದರು. ಅವನು ಓಡಿಸಿದ, ಮಾವ ಎಡಗಡೆ ಕೂತರು. ಗಾಡಿ ಚೆನ್ನಾಗಿ ಬಿಸಿಯಾಗಲಿ ಎಂದು ತಿರುವುಗಳಿರುವ ಬೀದಿಗಳನ್ನೇ ಹುಡುಕಿಕೊಂಡು ಹೋದ. ಮಾವನ ಕಾಲು ಏನು ಮಾಡುತ್ತಿದೆ ಎಂದು ಅವನು ನೋಡಲಿಲ್ಲ, ನೋಡಬೇಕೆಂಬುದೇ ಮರೆತುಹೋಗಿತ್ತು. ವಾಪಸು ಬಂದು ನಿಲ್ಲಿಸಿ, ಹೊಸ ವೃತ್ತಪತ್ರಿಕೆ ಹಾಸಿ, ಇಬ್ಬರೂ ಕಾಯುತ್ತ ಕೂತರು. ಮಾವ ಮತ್ತೆ ಸ್ಟೀರಿಂಗಿನ ಹಿಂದೆ, ಯಾರೂ ಹೇಳದಿದ್ದರೂ, ಅವನು ಕೆಳಗೆ ಮೆಟ್ಟಿಲ ಮೇಲೆ. ಬಿಸಿಲು ಗೋಡೆ ದಾಟಿ ಇಳಿಯಿತು. ಮೇಷ್ಟ್ರು ಭಾವಮೈದನನ್ನು ಕರೆದುಕೊಂಡು ಬಂದರು. ಭಾವಮೈದ ಬಗ್ಗಿ ಕಾಗದವನ್ನು ನೋಡಿದ, ಮೇಷ್ಟ್ರೂ ನೋಡಿದರು, ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು. ಕಾಗದದ ಮೇಲೆ ಅಚ್ಚಾದ ಸುದ್ದಿಯ ಹೊರತು ಏನೂ ಇರಲಿಲ್ಲ.

“ಇವತ್ತು ರಜಾನಾ?” ಎಂದರು ಮೇಷ್ಟ್ರು, ನಿಜಕ್ಕೂ ಬೇಸರದಲ್ಲಿ.

“ಗಾಡಿ ಕೊಡಲ್ಲ ಮೇಷ್ಟ್ರೇ!” ಹೆಂಡತಿಯ ದನಿ ಮಹಡಿಯ ಕಿಟಕಿಯಿಂದ ಬಂತು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. “ಪಾಪ, ಅವರನ್ನ ಸುಮ್ಮನೆ ಓಡಾಡಿಸಿದ ಹಾಗಾಯ್ತು. ಇವರಿಬ್ಬರೂ ಸೇರಿ ಅದಕ್ಕೆ ಎರಡು ಹೊತ್ತೂ ಕುಡಿಸಿ ಅಜೀರ್ಣ ಮಾಡಿಟ್ಟಿದ್ರು, ಅಷ್ಟೇ. ರೀ, ನನ್ನ ಪೌಡರ್ ಡಬ್ಬಿ ಹೊಸದು ಬರಬೇಕು. ಮತ್ತೆ ಕಾಲಲ್ಲಿರೋದು ನನ್ನ ಚಪ್ಪಲಿ.”

ಎಲ್ಲ ಕೇಳಿಸಿಕೊಂಡಿದ್ದಾಳೆ. ಅವನು ಕಾಲುಗಳನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡ. ಗಾಡಿಯೊಳಗೆ ಮಾವ ತಮ್ಮಷ್ಟಕ್ಕೆ ಭುಜ ಕುಣಿಸಿ ನಗುತ್ತಿದ್ದರು; ಅವರು ನಗುವುದನ್ನು ಹಿಂದಿನಿಂದ ನೋಡಿದರೆ ಕೆಟ್ಟ ರಸ್ತೆಯಲ್ಲಿ ಹೋಗುತ್ತಿರುವ ಹಾಗೆ ಕಾಣುತ್ತಿತ್ತು.

ಊಟದ ಹೊತ್ತಾದರೂ ಇಬ್ಬರೂ ಏಳಲಿಲ್ಲ. ಇನ್ನೂ ಸ್ವಲ್ಪ ನೋಡೋಣ ಎಂದರು ಮಾವ. ನೋಡೋಣ ಎಂದ ಅವನು. ಹೆಂಡತಿ ಕರೆದು ಕರೆದು ಸಾಕಾಗಿ, ಬಿಸಿ ಅನ್ನ, ಪಲ್ಯ ಬಡಿಸಿದ ಒಂದು ತಟ್ಟೆಯನ್ನು ಹಿಡಿದು ಇಳಿದು ಬಂದಳು. ಅಪ್ಪನಿಗೆ ಮೊದಲು ಎನ್ನುವುದು ಆ ಮನೆಯಲ್ಲಿ ಯಾರೂ ಮುರಿಯದ ಪದ್ಧತಿ. ಗಾಡಿಯ ಕಿಟಕಿಯಲ್ಲಿ ಅವರ ಕೈಗೆ ತಟ್ಟೆ ಹಿಡಿಸಿ, ಇನ್ನೊಂದು ತರಲು ಮೇಲೆ ಹೋದಳು. ಮಾವ ತಟ್ಟೆಯ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿದರು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಅಗುಳೂ ಚೆಲ್ಲದ ಹಾಗೆ ಕಿಟಕಿಯಿಂದ ಹೊರಗೆ ಚಾಚಿ, ಅಳಿಯ ಕೂತಿದ್ದ ಕಡೆಗೆ, ಅವನು ತೆಗೆದುಕೊಳ್ಳುವವರೆಗೂ ಹಿಡಿದೇ ಇದ್ದರು.